ಕಿಟ್ ಕಾರಿನ ಇಂಧನ ವ್ಯವಸ್ಥೆ: ಬದಲಿಸಲು ಹೊರಟವರಿಗೆ ಹದಿನಾರು ಸೂತ್ರಗಳು

ಬ್ರಿಟನ್ ಮತ್ತು ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಕಾರು ಕಟ್ಟುವ ಹವ್ಯಾಸ ಹಳೆಯದು. ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಬಿಡಿಭಾಗಗಳ ಕಿಟ್ ಆಗಿಯೂ ಸಿಗುತ್ತಿತ್ತು. ಹಾಗೆ ಕೊಂಡು ತಾವೇ ಜೋಡಿಸಿಕೊಂಡವರಿಗೆ ಖರೀದಿ ತೆರಿಗೆ ಉಳಿಯುತ್ತಿತ್ತು. 1973ರಲ್ಲಿ ಆ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಕೈಸೇರಿತು. 1996ರಲ್ಲಿ ರಾನ್ ಚಾಂಪಿಯನ್ ಅವರು ಬರೀ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದರು. ಅದನ್ನು ಓದಿದ ಸಾವಿರಾರು ಜನ ಹಳೆಯ ಫೋರ್ಡ್ ಎಸ್ಕಾರ್ಟ್ ಬಿಚ್ಚಿ, ಅದರ ಎಂಜಿನ್ ಮತ್ತು ಆಕ್ಸಲ್ ತೆಗೆದು, ಚೌಕದ ಸ್ಟೀಲ್ ಪೈಪಿನ ಚಾಸಿಗೆ ಕೂರಿಸಿದರು. ಅಮೆರಿಕದಲ್ಲಿ ಫ್ಯಾಕ್ಟರಿ ಫೈವ್ ಕಂಪನಿಯವರು ಇದೇ ಕೆಲಸವನ್ನು ಫೋರ್ಡ್ ಮಸ್ಟಾಂಗಿನ ಭಾಗಗಳಿಂದ ಮಾಡಿಸಿದರು.

ಹೀಗೆ ಕಟ್ಟಿದ ಕಾರು ಓಡತೊಡಗಿದ ಮೇಲೆ ಮುಂದಿನ ಆಸೆ ಹುಟ್ಟುತ್ತದೆ: ಕಾರ್ಬುರೇಟರ್ ತೆಗೆದು ಫ್ಯುಯೆಲ್ ಇಂಜೆಕ್ಷನ್ ಹಾಕಬೇಕು, ಇಲ್ಲವೇ ಇನ್ನೂ ದೊಡ್ಡ ಎಂಜಿನ್ ಕೂರಿಸಬೇಕು. ಕಾರು ಕಟ್ಟುವವರು ಎಡವುವುದು ಹೆಚ್ಚಾಗಿ ಇಲ್ಲೇ. ಎಂಜಿನ್ ಮುಗ್ಗರಿಸಿದ ಕೂಡಲೇ ಲ್ಯಾಪ್‌ಟಾಪ್ ತೆರೆದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ, ಅಂದರೆ ಇಸಿಯುವಿನ, ಮ್ಯಾಪ್ ತಿದ್ದಲು ಕೂರುತ್ತಾರೆ. ತಪ್ಪು ಇರುವುದು ಬಹುತೇಕ ಹಿಂದುಗಡೆ, ಟ್ಯಾಂಕ್ ಮತ್ತು ಪಂಪಿನ ನಡುವೆ, ಇಲ್ಲವೇ ಪಂಪಿಗೆ ಹೋಗುವ ವೈರಿನಲ್ಲಿ. ಕೆಲಸವನ್ನು ಟ್ಯಾಂಕಿನಿಂದ ಶುರುಮಾಡಿ ಎಂಜಿನ್ನಿನ ಕಡೆ ಬನ್ನಿ, ಪ್ರತಿ ಹಂತದಲ್ಲೂ ಅಳೆಯಿರಿ. ಈ ಸೂತ್ರಗಳೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿವೆ.

1. ಮೊದಲು ಒತ್ತಡ ಎಷ್ಟು ಬೇಕೆಂದು ಕಾಗದದ ಮೇಲೆ ಬರೆಯಿರಿ

ವೆಬರ್ ಡಿಸಿಒಇ ಮಾದರಿಯ ಜೋಡಿ ಕಾರ್ಬುರೇಟರ್‌ಗೆ ಸುಮಾರು 3 ಪಿಎಸ್‌ಐ ಸಾಕು. ಅದಕ್ಕಿಂತ ಹೆಚ್ಚು ಒತ್ತಡ ಬಂದರೆ ಒಳಗಿನ ನೀಡಲ್ ವಾಲ್ವ್ ತಡೆಯುವುದಿಲ್ಲ. ಪೆಟ್ರೋಲ್ ಉಕ್ಕಿ ಹೊರಗೆ ಸುರಿಯುತ್ತದೆ. ಇಂಜೆಕ್ಷನ್ ವ್ಯವಸ್ಥೆ ಕೇಳುವುದು ಸುಮಾರು 3 ಬಾರ್, ಅಂದರೆ 43 ಪಿಎಸ್‌ಐಗಿಂತ ಹೆಚ್ಚು. ಹದಿನಾಲ್ಕು ಪಟ್ಟು ವ್ಯತ್ಯಾಸ. ಕಾರ್ಬುರೇಟರ್ ಕಾಲದ ಪಂಪು, ಹೋಸು, ಕ್ಲಾಂಪು, ಜಾಯಿಂಟು ಯಾವುದೂ ಈ ಒತ್ತಡಕ್ಕೆ ಮಾಡಿದ್ದಲ್ಲ. "ಸದ್ಯಕ್ಕೆ ಹಳೆಯ ಪೈಪೇ ಇರಲಿ, ಆಮೇಲೆ ನೋಡೋಣ" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇಂಜೆಕ್ಷನ್ ಎಂದು ತೀರ್ಮಾನಿಸಿದರೆ ಟ್ಯಾಂಕಿನಿಂದ ಎಂಜಿನ್ ತನಕ ಎಲ್ಲವೂ ಬದಲಾಗಬೇಕು. ಬಜೆಟ್ಟನ್ನೂ ಹಾಗೆಯೇ ಹಾಕಿಕೊಳ್ಳಿ.

ವಾರಾಂತ್ಯಕ್ಕೆ ಮಾತ್ರ ಹೊರತೆಗೆಯುವ ಕಾರಾದರೆ ಚೆನ್ನಾಗಿ ಟ್ಯೂನ್ ಮಾಡಿದ ಕಾರ್ಬುರೇಟರ್ ಕೆಟ್ಟ ಆಯ್ಕೆಯೇನಲ್ಲ. ಚಳಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು, ಬೆಟ್ಟ ಹತ್ತಿದರೂ ಇಳಿದರೂ ಒಂದೇ ರೀತಿ ಓಡಬೇಕು, ಮೈಲೇಜೂ ಬೇಕು ಎನ್ನುವವರಿಗೆ ಇಂಜೆಕ್ಷನ್ ಸರಿ.

2. ಎಂಜಿನ್ ಎಷ್ಟು ಕುಡಿಯುತ್ತದೆ, ಲೆಕ್ಕ ಹಾಕಿ

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪೂರ್ತಿ ಜೋರಿನಲ್ಲಿ ಓಡುವಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 227 ಗ್ರಾಂ, ಅಂದರೆ ಅರ್ಧ ಪೌಂಡ್ ಪೆಟ್ರೋಲ್ ಸುಡುತ್ತದೆ. 150 ಅಶ್ವಶಕ್ತಿಯ ಎಂಜಿನ್ ಆದರೆ ಗಂಟೆಗೆ 34 ಕಿಲೊ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ ಎಂದಿಟ್ಟುಕೊಂಡರೆ ಗಂಟೆಗೆ 46 ಲೀಟರ್. ಮೇಲೆ ಕಾಲುಭಾಗ ಸೇರಿಸಿ, 58 ಅಥವಾ 60 ಲೀಟರ್ ಎಂದು ಹಿಡಿಯಿರಿ. ನಿಮ್ಮ ಪಂಪು 3 ಬಾರ್ ಒತ್ತಡದಲ್ಲಿ ಕನಿಷ್ಠ ಇಷ್ಟನ್ನು ಕೊಡಬೇಕು. ಒತ್ತಡವೇ ಇಲ್ಲದೆ ಬಾಯಿ ತೆರೆದು ಸುರಿಸಿದಾಗ ಎಷ್ಟು ಕೊಡುತ್ತದೆ ಎಂಬ ಅಂಕಿಯನ್ನು ನಂಬಬೇಡಿ.

ಇಂಜೆಕ್ಟರಿಗೂ ಇದೇ ಲೆಕ್ಕ. ಗಂಟೆಗೆ 46 ಲೀಟರ್ ಎಂದರೆ ನಿಮಿಷಕ್ಕೆ 767 ಸಿಸಿ. ನಾಲ್ಕು ಸಿಲಿಂಡರಿಗೆ ಹಂಚಿದರೆ ತಲಾ 192. ಇಂಜೆಕ್ಟರ್ ಶೇಕಡ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು, ಹಾಗಾಗಿ 240 ಸಿಸಿಯದ್ದು ಬೇಕು.

ಗಂಟೆಗೆ 255 ಲೀಟರಿನ ವಾಲ್ಬ್ರೊ ಪಂಪು ಹೆಸರುವಾಸಿಯಾದದ್ದು. "ಇರಲಿ, ದೊಡ್ಡದೇ ಇರಲಿ" ಎಂದು ಎಲ್ಲರೂ ಅದನ್ನೇ ತರುತ್ತಾರೆ. 150 ಅಶ್ವಶಕ್ತಿಗೆ ಅದು ಅತಿಯಾಯಿತು. ಬಳಕೆಯಾಗದ 200 ಲೀಟರ್ ಎಂಜಿನ್ನಿನ ಬಿಸಿ ಮುಟ್ಟಿಕೊಂಡು ವಾಪಸ್ ಬರುತ್ತದೆ. ಸೆವೆನ್ ಮಾದರಿಯ 35 ಲೀಟರಿನ ಪುಟ್ಟ ಟ್ಯಾಂಕಿನಲ್ಲಿ ಇದ್ದಬದ್ದ ಪೆಟ್ರೋಲೆಲ್ಲ ಗಂಟೆಗೆ ಐದಾರು ಸುತ್ತು ಹಾಕಿ ಬಿಸಿಯೇರುತ್ತದೆ. ಬಿಸಿಯಾದ ಪೆಟ್ರೋಲಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ, ಪಂಪು ಒರಲತೊಡಗುತ್ತದೆ. ಬೇಕಾದಷ್ಟೇ ದೊಡ್ಡದನ್ನು ತನ್ನಿ.

3. ಸ್ಪ್ಯಾನರ್ ಹಿಡಿಯುವ ಮುನ್ನ ಗ್ಯಾರೇಜು ನೋಡಿ

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇಳದೆ ನೆಲದ ಮೇಲೆ ಹರಿದು, ತಗ್ಗಿನಲ್ಲಿ, ಸರ್ವಿಸ್ ಪಿಟ್ಟಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡ ಒಂದೂವರೆಯಷ್ಟು ಸೇರಿದರೂ ಹೊತ್ತಿಕೊಳ್ಳುತ್ತದೆ. ಅಮೆರಿಕದ ಎಷ್ಟೋ ಮನೆಗಳಲ್ಲಿ ಗ್ಯಾಸಿನ ವಾಟರ್ ಹೀಟರ್ ಗ್ಯಾರೇಜಿನಲ್ಲೇ ಇರುತ್ತದೆ, ಅದರೊಳಗೆ ಸದಾ ಉರಿಯುವ ಸಣ್ಣ ಜ್ವಾಲೆಯೂ ಇರಬಹುದು. ಅಂಥ ಕಡೆ ಟ್ಯಾಂಕ್ ಬಿಚ್ಚಲೇಬಾರದು. ಕಾರನ್ನು ಹೊರಗೆ ತಳ್ಳಿ. ಬ್ಯಾಟರಿಯ ತಂತಿ ಕಳಚಿ. ಪೆಟ್ರೋಲ್ ಬೆಂಕಿಗೆ ಆಗುವ ಫೋಮ್ ಅಥವಾ ಡ್ರೈ ಪೌಡರ್ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ. ನೀರು ಮಾತ್ರ ಬೇಡ. ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ.

ಇಂಜೆಕ್ಷನ್ ಇರುವ ಕಾರಿನಲ್ಲಿ ಕೀ ತೆಗೆದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ, ಅದು ತಾನಾಗಿ ನಿಲ್ಲುವ ತನಕ ಬಿಡಿ. ಆಮೇಲೆ ಜಾಯಿಂಟಿಗೆ ಬಟ್ಟೆ ಸುತ್ತಿ ನಿಧಾನಕ್ಕೆ ಸಡಿಲಿಸಿ. ಕಣ್ಣಿಗೆ ಗಾಗಲ್ಸ್ ಇರಲಿ.

4. ಪೆಟ್ರೋಲ್ ಕಂಡ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಬೇಡ

ತೊಳೆದು ಒಣಗಿಸಿದ ಖಾಲಿ ಟ್ಯಾಂಕೂ ಸಿಡಿದು ಜೀವ ತೆಗೆದಿದೆ. ಮೂಲೆಯಲ್ಲಿ ಉಳಿದ ಒಂದು ಚಮಚ ಪೆಟ್ರೋಲಿನ ಆವಿ ಅದಕ್ಕೆ ಸಾಕು. ರಿಟರ್ನ್ ಪೈಪಿಗೆ ಹೊಸ ಬಾಯಿ ಬೇಕಾದರೆ ಹೊಸ ಅಲ್ಯುಮಿನಿಯಂ ಟ್ಯಾಂಕ್ ಮಾಡಿಸಿ, ಇಲ್ಲವೇ ಫ್ಯುಯೆಲ್ ಸೆಂಡರಿನ ಮುಚ್ಚಳದಲ್ಲೇ ರಿಟರ್ನ್ ಬಾಯಿ ಇರುವಂಥದ್ದನ್ನು ಹುಡುಕಿ.

5. ತಿರುವಿನಲ್ಲಿ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ

ಈ ಇಡೀ ಕೆಲಸದಲ್ಲಿ ತಲೆ ಹೆಚ್ಚು ಖರ್ಚು ಮಾಡಬೇಕಾದ ಜಾಗ ಇದು.

ಸೆವೆನ್ ಮಾದರಿಯ ಕಾರು ಹಗುರ. ಒಳ್ಳೆಯ ಟೈರ್ ಹಾಕಿದರೆ ತಿರುವಿನಲ್ಲಿ ಒಂದು ಜಿ ಬಲ ಸುಲಭವಾಗಿ ಬರುತ್ತದೆ. ಪಕ್ಕಕ್ಕೆ ತಳ್ಳುವ ಬಲ ಭೂಮಿಯ ಸೆಳೆತಕ್ಕೆ ಸಮವಾದಾಗ ಟ್ಯಾಂಕಿನೊಳಗಿನ ಪೆಟ್ರೋಲಿನ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಕಾಲು ಟ್ಯಾಂಕ್ ಪೆಟ್ರೋಲ್ ಇದೆ, ಬಲ ತಿರುವು ಬಂತು ಎಂದುಕೊಳ್ಳಿ: ಅಷ್ಟೂ ಪೆಟ್ರೋಲ್ ಎಡಗೋಡೆಗೆ ಏರುತ್ತದೆ, ಬಲಗಡೆಯ ತಳ ಒಣಗುತ್ತದೆ. ಪಂಪಿನ ಹೀರುಕೊಳವೆ ಬಲಗಡೆ ಇದ್ದರೆ ಎಳನೀರಿನ ತಳ ಬಂದಾಗ ಸ್ಟ್ರಾ ಗಾಳಿ ಎಳೆಯುವ ಹಾಗೆ ಪಂಪು ಗಾಳಿ ಎಳೆಯುತ್ತದೆ.

ಕಾರ್ಬುರೇಟರ್ ಇದ್ದಾಗ ಇದು ಗೊತ್ತಾಗುತ್ತಲೇ ಇರಲಿಲ್ಲ, ಏಕೆಂದರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಕೆಲವು ಸೆಕೆಂಡಿಗಾಗುವಷ್ಟು ಪೆಟ್ರೋಲ್ ದಾಸ್ತಾನು ಇರುತ್ತದೆ. ಇಂಜೆಕ್ಷನ್ನಿನಲ್ಲಿ ಆ ಬಟ್ಟಲಿಲ್ಲ. ಗಾಳಿ ಸೇರಿದ ಕ್ಷಣವೇ ಒತ್ತಡ ಬೀಳುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಲೇ ಪದೇ ಪದೇ ಹೀಗಾದರೆ ಪಿಸ್ಟನ್ ಕರಗುವ ತನಕ ಹೋಗಬಹುದು.

ಪರಿಹಾರ ಎರಡು. ಒಂದು, ಟ್ಯಾಂಕಿನೊಳಗೆ ಅಡ್ಡಗೋಡೆಗಳಿದ್ದು, ಪಂಪು ಅದರೊಳಗೇ ಒಂದು ಚಿಕ್ಕ ಬುಟ್ಟಿಯಲ್ಲಿ ಮುಳುಗಿರುವುದು. ಇಂಜೆಕ್ಷನ್ ಇದ್ದ ಮಸ್ಟಾಂಗಿನ ಟ್ಯಾಂಕನ್ನೇ ಇಟ್ಟುಕೊಂಡ ಅಮೆರಿಕದ ಕಿಟ್ಟುಗಳಿಗೆ ಈ ಅನುಕೂಲ ತಾನಾಗಿ ಬರುತ್ತದೆ. ಅಂಥವರು ಟ್ಯಾಂಕ್ ಬದಲಿಸುವ ಗೋಜಿಗೆ ಹೋಗದಿರುವುದೇ ಲೇಸು. ಎರಡನೆಯದು ಸ್ವರ್ಲ್ ಪಾಟ್: ಒಂದು ಒಂದೂವರೆ ಲೀಟರ್ ಹಿಡಿಯುವ ಎತ್ತರದ ಡಬ್ಬಿ. ಕಡಿಮೆ ಒತ್ತಡದ ಪಂಪು ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಈ ಡಬ್ಬಿಯನ್ನು ಸದಾ ತುಂಬಿಸಿಡುತ್ತದೆ. ಡಬ್ಬಿಯ ತಳದಿಂದ ಹೆಚ್ಚು ಒತ್ತಡದ ಪಂಪು ಹೀರುತ್ತದೆ. ಎಂಜಿನ್ನಿನಿಂದ ಮರಳುವ ಪೆಟ್ರೋಲ್ ಡಬ್ಬಿಯ ಮೇಲ್ಭಾಗಕ್ಕೆ ಬೀಳುತ್ತದೆ. ತೀರಾ ತುದಿಯ ಪೈಪು ಗಾಳಿಯನ್ನೂ ಹೆಚ್ಚಾದ ಪೆಟ್ರೋಲನ್ನೂ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ.

ಒಂದೂವರೆ ಲೀಟರ್ ಸಾಕೇ ಎಂಬ ಅನುಮಾನ ಸಹಜ. ನಮ್ಮ 150 ಅಶ್ವಶಕ್ತಿಯ ಎಂಜಿನ್ ಪೂರ್ತಿ ಜೋರಿನಲ್ಲಿ ನಿಮಿಷಕ್ಕೆ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಸುಡುತ್ತದೆ, ಡಬ್ಬಿ ಹತ್ತಿರ ಹತ್ತಿರ ಎರಡು ನಿಮಿಷ ಬರುತ್ತದೆ. ಅಷ್ಟು ಉದ್ದದ ತಿರುವು ಯಾವ ಟ್ರ್ಯಾಕಿನಲ್ಲೂ ಇಲ್ಲ. ಕಡಿಮೆ ಒತ್ತಡದ ಪಂಪೂ ದೊಡ್ಡದಿರಬೇಕಾಗಿಲ್ಲ. ರಿಟರ್ನ್ ಪೆಟ್ರೋಲ್ ಡಬ್ಬಿಗೇ ಬರುವುದರಿಂದ ಅದು ತುಂಬಿಸಬೇಕಾದದ್ದು ಎಂಜಿನ್ ಸುಟ್ಟಷ್ಟನ್ನು ಮಾತ್ರ. ಕಾರ್ಬುರೇಟರ್ ಕಾಲದಲ್ಲಿ ಟಕಟಕ ಎನ್ನುತ್ತಿದ್ದ ನಿಮ್ಮ ಹಳೆಯ ಫ್ಯಾಸೆಟ್ ಪಂಪು ಸುಸ್ಥಿತಿಯಲ್ಲಿದ್ದರೆ ಈ ಕೆಲಸಕ್ಕೆ ಒಪ್ಪುತ್ತದೆ.

ಡಬ್ಬಿಯನ್ನು ಡ್ರೈವರ್ ಕೂರುವ ಜಾಗದಲ್ಲಿ ಮಾತ್ರ ಇಡಬೇಡಿ.

6. ಪಂಪು ತಗ್ಗಿನಲ್ಲಿ, ಟ್ಯಾಂಕಿನ ಹತ್ತಿರ ಇರಲಿ

ಇಂಜೆಕ್ಷನ್ ಪಂಪು ತಳ್ಳುವುದರಲ್ಲಿ ಗಟ್ಟಿ, ಹೀರುವುದರಲ್ಲಿ ಬಡವ. ಪೆಟ್ರೋಲ್ ತಾನಾಗಿ ಇಳಿದು ಬರುವ ಎತ್ತರದಲ್ಲಿ ಅದನ್ನು ಕೂರಿಸಿ. ಹೀರುವ ಕಡೆಯ ಪೈಪು ಗಿಡ್ಡವಾಗಿರಲಿ, ಅಗಲವಾಗಿರಲಿ, ಚೂಪು ಬಾಗುಗಳಿಲ್ಲದಿರಲಿ. ರಬ್ಬರ್ ತೊಟ್ಟಿಲಿನಲ್ಲಿ ಕೂರಿಸಿದರೆ ಸದ್ದು ಕಡಿಮೆಯಾಗುತ್ತದೆ. ಕಲ್ಲು ಸಿಡಿದು ತಾಗದಂತೆ ಅಡ್ಡ ಒಂದು ತಗಡು ಹಾಕಿ.

7. ಎರಡು ಫಿಲ್ಟರ್, ಎರಡು ಗಾತ್ರ

ಪಂಪಿನ ಮುಂಚೆ 100 ಮೈಕ್ರಾನಿನ ದೊಡ್ಡ ಜಾಲರಿ, ಪಂಪಿನ ನಂತರ 10 ಮೈಕ್ರಾನಿನ ಸಣ್ಣದು. ಅದಲುಬದಲು ಮಾಡಿದರೆ ಪಂಪು ಹೀರಲಾಗದೆ ಸಾಯುತ್ತದೆ. ಹೊಸ ಟ್ಯಾಂಕಿನಲ್ಲಿ ವೆಲ್ಡಿಂಗಿನ ಚೂರು, ಅಲ್ಯುಮಿನಿಯಂ ಪುಡಿ ಇದ್ದೇ ಇರುತ್ತದೆ, ಆದ್ದರಿಂದ ಕಾರು ಕೆಲವು ನೂರು ಕಿಲೊಮೀಟರ್ ಓಡಿದ ಮೇಲೆ ಎರಡನ್ನೂ ಬದಲಿಸಿ.

8. ಹೋಸಿನ ಮೈಮೇಲಿನ ಅಕ್ಷರ ಓದದೆ ದುಡ್ಡು ಕೊಡಬೇಡಿ

ಎಲ್ಲ ಕಪ್ಪು ರಬ್ಬರ್ ಪೈಪೂ ಒಂದೇ ಅಲ್ಲ. ಎಸ್‌ಎಇ ಜೆ30 ಆರ್7 ಎಂದು ಬರೆದಿದ್ದರೆ ಅದು 50 ಪಿಎಸ್‌ಐ ತನಕದ ಕಾರ್ಬುರೇಟರ್ ಹೋಸು. 43 ಪಿಎಸ್‌ಐಗೆ ಸಾಕಲ್ಲವೇ ಎಂದು ಅದನ್ನು ಹಾಕುವವರಿದ್ದಾರೆ. ಬಿಸಿ ಬಾನೆಟ್ಟಿನಡಿ ವರ್ಷಗಟ್ಟಲೆ ಅಷ್ಟು ಅಂಚಿನಲ್ಲಿ ಬದುಕುವ ಹೋಸು ಅದಲ್ಲ. ಇಂಜೆಕ್ಷನ್ನಿಗೆ ಬೇಕಾದದ್ದು ಆರ್9. 100 ಪಿಎಸ್‌ಐ ತಾಳುತ್ತದೆ, ಎಥನಾಲಿಗೂ ಜಗ್ಗದ ಒಳಪದರ ಇರುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುವ ತುಂಡಿಗೆ ಆರ್9 ಕೂಡ ಸಲ್ಲ, ಏಕೆಂದರೆ ಅದರ ಹೊರಮೈ ಪೆಟ್ರೋಲಿನಲ್ಲಿ ನೆನೆಯಲು ಮಾಡಿದ್ದಲ್ಲ. ಅಲ್ಲಿಗೆ ಆರ್10 ಎಂಬ ಬೇರೆಯದೇ ಹೋಸಿದೆ. ದುಬಾರಿ, ಆದರೆ ಬೇಕಾಗುವುದು ಒಂದು ಗೇಣು.

ಎಥನಾಲಿನ ಮಾತು ಬಂತು. ಅಮೆರಿಕದ ಬಹುತೇಕ ಪೆಟ್ರೋಲಿನಲ್ಲಿ ಶೇಕಡ 10ರ ತನಕ ಎಥನಾಲ್ ಇದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಇ10 ಸಾಮಾನ್ಯ ಪೆಟ್ರೋಲ್ ಆಗಿದೆ. ನಮ್ಮಲ್ಲಿ ಶೇಕಡ 20ರ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥನಾಲ್ ಹಳೆಯ ರಬ್ಬರನ್ನು ಬಿರಿಯಿಸುತ್ತದೆ, ಕಾರ್ಕ್ ಗ್ಯಾಸ್ಕೆಟ್ಟನ್ನು ಹಾಳುಮಾಡುತ್ತದೆ, ತುಕ್ಕು ಮುಚ್ಚಲು ಬಳಿದ ಹಳೆಯ ಟ್ಯಾಂಕ್ ಸೀಲರನ್ನು ಹಪ್ಪಳೆ ಎಬ್ಬಿಸುತ್ತದೆ, ಫೈಬರ್‌ಗ್ಲಾಸ್ ಟ್ಯಾಂಕಿನ ರೆಸಿನ್ನನ್ನು ಮೆತ್ತಗಾಗಿಸುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ಚಳಿಗಾಲವಿಡೀ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇದು ದೊಡ್ಡ ಶತ್ರು. ಬ್ರಿಟನ್ನಿನಲ್ಲಿರುವವರು ನಿಲ್ಲಿಸುವ ಮುನ್ನ ಇ5 ಇರುವ ಸೂಪರ್ ಪೆಟ್ರೋಲ್ ತುಂಬಿಸುವುದು ಒಳ್ಳೆಯ ರೂಢಿ.

ಸ್ಟೀಲ್ ಜಾಲರಿ ಹೊದ್ದ ಪಿಟಿಎಫ್‌ಇ ಹೋಸು ಎಥನಾಲಿಗೆ ಎಲ್ಲಕ್ಕಿಂತ ಗಟ್ಟಿ. ಕೊಳ್ಳುವಾಗ ಒಳಪದರದಲ್ಲಿ ಕಾರ್ಬನ್ ಸೇರಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಹರಿಯುವ ಪೆಟ್ರೋಲಿನ ಸ್ಥಾಯೀ ವಿದ್ಯುತ್ತು ಒಳಗೇ ಸೇರಿಕೊಂಡು, ಹೊರಗಿನ ಜಾಲರಿಗೆ ಕಿಡಿ ಹಾರಿ ಸೂಜಿಮೊನೆಯಷ್ಟು ತೂತು ಮಾಡಬಲ್ಲದು.

9. ಜಾಯಿಂಟ್ ಕಡಿಮೆ ಇರಲಿ, ಇರುವುದು ಸರಿಯಾಗಿರಲಿ

ಉದ್ದದ ಹಾದಿಗೆ ಲೋಹದ ಪೈಪು, ಎರಡು ತುದಿಗೆ ಗಿಡ್ಡ ಹೋಸು. ಎಂಜಿನ್ ಅಲುಗುತ್ತದೆ, ಚಾಸಿ ಅಲುಗುವುದಿಲ್ಲ. ಇವೆರಡರ ನಡುವೆ ಹೋಸು ಇರಲೇಬೇಕು. 8 ಮಿಲಿಮೀಟರಿನ ತಾಮ್ರ-ನಿಕಲ್ ಪೈಪು 150 ಅಶ್ವಶಕ್ತಿಗೆ ಧಾರಾಳ. ಪೈಪಿನ ತುದಿಗೆ ಉಬ್ಬು ಏರಿಸಿ, ಇಲ್ಲದಿದ್ದರೆ ಒತ್ತಡಕ್ಕೆ ಹೋಸು ಜಾರಿ ಬರುತ್ತದೆ. ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸೀಳುಗಳಿರುವ ಜುಬಿಲಿ ಕ್ಲಿಪ್ಪು ಹೋಸಿನ ಮೈ ಕೊರೆಯುತ್ತದೆ. ಇಂಜೆಕ್ಷನ್ನಿಗೆಂದೇ ನುಣುಪಾದ ಪಟ್ಟಿಯ ಕ್ಲಾಂಪು ಸಿಗುತ್ತದೆ, ಅದನ್ನೇ ಹಾಕಿ.

ಎಎನ್ ಫಿಟಿಂಗ್ ಬಳಸುವವರು ಎರಡು ವಿಷಯ ಗಮನದಲ್ಲಿಡಿ. ಅದರ ಕೋನ 37 ಡಿಗ್ರಿ. ಸಾಮಾನ್ಯ ವಾಹನದ ಪೈಪುಗಳಲ್ಲಿ ಕಾಣುವ 45 ಡಿಗ್ರಿ ಕೋನದ ಜೊತೆ ಅದು ಕೂತಂತೆ ಕಾಣುತ್ತದೆ, ಆದರೆ ಕೂರುವುದಿಲ್ಲ. ಅದಕ್ಕೆ ಟೆಫ್ಲಾನ್ ಟೇಪನ್ನೂ ಸುತ್ತಬಾರದು; ಸೋರದಂತೆ ತಡೆಯುವುದು ಆ ಕೋನವೇ ಹೊರತು ತಿರುಪಿನ ಮರೆಯಲ್ಲ. ಟೇಪಿನ ಎಳೆ ಕಿತ್ತು ಬಂದರೆ ನೇರ ಇಂಜೆಕ್ಟರಿಗೆ ಹೋಗಿ ಕೂರುತ್ತದೆ.

ಪೈಪು ಹಾದುಹೋಗುವ ದಾರಿ ಸೈಲೆನ್ಸರಿನಿಂದ ದೂರ, ಪ್ರೊಪೆಲ್ಲರ್ ಶಾಫ್ಟ್ ತುಂಡಾದರೂ ಬಡಿಯದ ಕಡೆ ಇರಲಿ. ಒಂದಡಿಗೊಂದು ರಬ್ಬರ್ ಹೊದಿಕೆಯ ಪಿ-ಕ್ಲಿಪ್ ಹಾಕಿ. ಸ್ಟೀಲ್ ಜಾಲರಿಯ ಹೋಸು ಅಲ್ಯುಮಿನಿಯಂ ತಗಡಿಗೆ ಉಜ್ಜಿದರೆ ಗರಗಸದಂತೆ ಕೊಯ್ಯುತ್ತದೆ, ಆದ್ದರಿಂದ ತೂತಿರುವ ಕಡೆಯೆಲ್ಲ ಗ್ರಾಮೆಟ್ ಕಡ್ಡಾಯ.

10. ರೆಗ್ಯುಲೇಟರನ್ನು ಎಂಜಿನ್ನಿನ ಬಳಿ, ರೈಲಿನ ನಂತರ ಇಡಿ

ಪೆಟ್ರೋಲ್ ಮೊದಲು ಇಂಜೆಕ್ಟರುಗಳಿಗೆ ಹಂಚುವ ಕೊಳವೆಯಾದ ರೈಲಿಗೆ, ಆಮೇಲೆ ರೆಗ್ಯುಲೇಟರಿಗೆ, ಅಲ್ಲಿಂದ ರಿಟರ್ನ್ ಪೈಪಿಗೆ. ಹೀಗಿದ್ದರೆ ರೈಲಿನಲ್ಲಿ ಪೆಟ್ರೋಲ್ ಸದಾ ಹರಿಯುತ್ತಾ ತಂಪಾಗಿರುತ್ತದೆ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದಿಲ್ಲ. ರಿಟರ್ನ್ ಪೈಪು ತೀರಾ ಸಣ್ಣದಾದರೆ ಅದೇ ಒಂದು ತಡೆಯಾಗಿ, ರೆಗ್ಯುಲೇಟರ್ ತಿರುಪನ್ನು ಎಷ್ಟು ಸಡಿಲಿಸಿದರೂ ಒತ್ತಡ ಇಳಿಯುವುದಿಲ್ಲ.

ಒಂದು ಸಿಲಿಂಡರಿಗೆ ಒಂದು ಥ್ರಾಟಲ್ ಇರುವ ಸೆಟ್ ಹಾಕಿದವರಿಗೆ ವಿಶೇಷ ಸೂಚನೆ. ಅಲ್ಲಿ ಇಂಟೇಕಿನ ನಿರ್ವಾತ ಸ್ಥಿರವಾಗಿ ನಿಲ್ಲುವುದೇ ಇಲ್ಲ, ಹೊಡೆದುಕೊಳ್ಳುತ್ತಲೇ ಇರುತ್ತದೆ. ಟರ್ಬೊ ಇಲ್ಲದ ಎಂಜಿನ್ ಆದರೆ ರೆಗ್ಯುಲೇಟರಿನ ನಿರ್ವಾತದ ಬಾಯಿಯನ್ನು ಹೊರಗಾಳಿಗೆ ಬಿಟ್ಟು, ಸ್ಥಿರ ಒತ್ತಡದಲ್ಲೇ ಮ್ಯಾಪ್ ಮಾಡಿಸುವುದು ಜಾಣತನ.

ಮತ್ತೊಂದು ಮಾತು: ಮ್ಯಾಪ್ ಆದಮೇಲೆ ರೆಗ್ಯುಲೇಟರ್ ಮುಟ್ಟಬೇಡಿ. 3 ಬಾರಿನಿಂದ 3.5ಕ್ಕೆ ಏರಿಸಿದರೆ ಇಂಜೆಕ್ಟರ್ ಸುರಿಸುವ ಪೆಟ್ರೋಲ್ ಶೇಕಡ 8ರಷ್ಟು ಹೆಚ್ಚುತ್ತದೆ.

11. ಟ್ಯಾಂಕಿಗೆ ಗಾಳಿಯ ದಾರಿ ಬಿಡಿ

ಪೆಟ್ರೋಲ್ ಹೊರಹೋದಷ್ಟೂ ಗಾಳಿ ಒಳಬರಬೇಕು. ಅರ್ಧ ಗಂಟೆ ಓಡಿದ ಮೇಲೆ ಕಾರು ನಿಂತು, ಮುಚ್ಚಳ ತೆರೆದಾಗ ಬುಸ್ ಎಂದು ಗಾಳಿ ಒಳನುಗ್ಗಿದರೆ ಕಾರಣ ಇದೇ. ಗಾಳಿಯ ಕೊಳವೆಯಲ್ಲಿ ಕಾರು ಮಗುಚಿದಾಗ ಮುಚ್ಚಿಕೊಳ್ಳುವ ವಾಲ್ವ್ ಇರಲಿ, ಕೊಳವೆಯ ತುದಿ ಸೈಲೆನ್ಸರಿನಿಂದ ದೂರ, ಕಾರಿನ ಹೊರಗೆ ಇರಲಿ. ಫೈಬರ್‌ಗ್ಲಾಸ್ ಬಾಡಿಯ ಕಾರಾದರೆ ಪೆಟ್ರೋಲ್ ತುಂಬಿಸುವ ಬಾಯಿಯಿಂದ ಚಾಸಿಗೆ ಒಂದು ಅರ್ಥಿಂಗ್ ತಂತಿ ಎಳೆಯುವುದನ್ನು ಮರೆಯಬೇಡಿ.

12. ಪಂಪಿನ ವೈರಿಂಗನ್ನು ಪೈಪಿನಷ್ಟೇ ಗೌರವದಿಂದ ನೋಡಿ

ಪಂಪು ಹತ್ತು ಆಂಪಿಯರ್ ತನಕ ಎಳೆಯಬಹುದು. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ಸಣ್ಣ ತಂತಿ ಎಳೆದರೆ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೂ ಪಂಪಿಗೆ 11 ಮುಟ್ಟುತ್ತದೆ. ವೋಲ್ಟು ಬಿದ್ದರೆ ಹರಿವು ಬೀಳುತ್ತದೆ, ಹೊಸ ಪಂಪೇ ಕೆಟ್ಟಿದೆ ಎಂದು ವಾಪಸ್ ಕೊಡಲು ಹೋಗುತ್ತೀರಿ. 2.5 ಚದರ ಮಿಲಿಮೀಟರಿನ ತಂತಿ, ತನ್ನದೇ ರಿಲೇ, ತನ್ನದೇ ಫ್ಯೂಸ್, ತನ್ನದೇ ಅರ್ಥ್. ಎಂಜಿನ್ ಓಡುತ್ತಿರುವಾಗ ಪಂಪಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು ನೋಡಿ. ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆಯಿದ್ದರೆ ವೈರಿಂಗ್ ಮತ್ತೆ ಮಾಡಿ.

ಕಾರ್ಬುರೇಟರ್ ಕಾಲದಲ್ಲಿ ಎಂಜಿನ್ ನಿಂತರೆ ಅದಕ್ಕೆ ಅಂಟಿಕೊಂಡಿದ್ದ ಯಾಂತ್ರಿಕ ಪಂಪೂ ನಿಲ್ಲುತ್ತಿತ್ತು. ವಿದ್ಯುತ್ ಪಂಪಿಗೆ ಆ ಬುದ್ಧಿ ಇಲ್ಲ. ಅಪಘಾತದಲ್ಲಿ ಪೈಪು ಕಿತ್ತರೂ ಬಿಸಿ ಸೈಲೆನ್ಸರಿನ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಎಂಜಿನ್ ತಿರುಗುತ್ತಿಲ್ಲವೆಂದರೆ ಇಸಿಯು ಒಂದೆರಡು ಸೆಕೆಂಡಿನಲ್ಲಿ ಪಂಪ್ ನಿಲ್ಲಿಸುವಂತೆ ರಿಲೇ ಜೋಡಿಸಿ. ಅದರ ಜೊತೆಗೆ, ಡಿಕ್ಕಿಯಾದ ಕೂಡಲೇ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಹಾಕಿ. ಹಳೆಯ ಇಂಜೆಕ್ಷನ್ ಫೋರ್ಡ್ ಕಾರುಗಳಿಂದ ಅಗ್ಗಕ್ಕೆ ಸಿಗುತ್ತದೆ. ಇದನ್ನು ಹಾಕದ ಕಾರನ್ನು ರಸ್ತೆಗೆ ಇಳಿಸುವುದು ನನ್ನ ಪ್ರಕಾರ ತಪ್ಪು.

13. ಮೊದಲ ಸಲ ಪಂಪ್ ಹಾಕುವಾಗ ಎಂಜಿನ್ ಸ್ಟಾರ್ಟ್ ಮಾಡಬೇಡಿ

ಟ್ಯಾಂಕಿಗೆ ಐದು ಲೀಟರ್ ಹಾಕಿ. ರೈಲಿಗೆ ಗೇಜ್ ಜೋಡಿಸಿ. ರಿಲೇಯ ಎರಡು ಕಾಲುಗಳನ್ನು ಫ್ಯೂಸ್ ಇರುವ ತಂತಿಯಿಂದ ಕೂಡಿಸಿ, ಎಂಜಿನ್ ನಿಂತಿರುವಾಗಲೇ ಪಂಪನ್ನು ಹತ್ತು ನಿಮಿಷ ಓಡಿಸಿ. ಪಕ್ಕದಲ್ಲಿ ಇನ್ನೊಬ್ಬರು ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿರಲಿ. ನೀವು ಬಿಳಿ ಟಿಶ್ಯೂ ಕಾಗದ ಹಿಡಿದು ಟ್ಯಾಂಕಿನಿಂದ ಎಂಜಿನ್ ತನಕ ಒಂದೊಂದೇ ಜಾಯಿಂಟನ್ನು ಒರೆಸುತ್ತಾ ಬನ್ನಿ. ಕಣ್ಣಿಗೆ ಕಾಣದ ಪಸೆಯೂ ಕಾಗದದಲ್ಲಿ ಕಾಣುತ್ತದೆ.

ಆಮೇಲೆ ಪಂಪ್ ನಿಲ್ಲಿಸಿ ಗೇಜ್ ನೋಡಿ. ಮುಳ್ಳು ತುಸು ಇಳಿದು ನಿಲ್ಲಬೇಕು. ಸರ್ರನೆ ಸೊನ್ನೆಗೆ ಬಿದ್ದರೆ ಎಲ್ಲೋ ದಾರಿ ಇದೆ, ಅದು ಎಲ್ಲೆಂದು ಪತ್ತೆಹಚ್ಚುವುದು ಸುಲಭ. ಮತ್ತೆ ಒತ್ತಡ ತುಂಬಿ, ಪಂಪ್ ನಿಲ್ಲಿಸಿದ ಕೂಡಲೇ ಹೋಸ್ ಹಿಸುಕುವ ಇಕ್ಕಳದಿಂದ ರಿಟರ್ನ್ ಕಡೆಯ ರಬ್ಬರ್ ತುಂಡನ್ನು ಹಿಸುಕಿ. ಮುಳ್ಳು ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ನಿಲ್ಲದಿದ್ದರೆ ಪಂಪಿನಿಂದ ಬರುವ ಕಡೆ ಹಿಸುಕಿ. ಈಗ ನಿಂತರೆ ಪಂಪಿನೊಳಗಿನ ಚೆಕ್ ವಾಲ್ವ್ ಕೆಟ್ಟಿದೆ. ಎರಡೂ ಕಡೆ ಹಿಸುಕಿದರೂ ಇಳಿಯುತ್ತಲೇ ಇದ್ದರೆ ಇಂಜೆಕ್ಟರ್ ಎಂಜಿನ್ನಿನೊಳಗೆ ತೊಟ್ಟಿಕ್ಕುತ್ತಿದೆ, ಆಗ ಸ್ಟಾರ್ಟ್ ಮಾಡಲೇಬೇಡಿ. ಪಿಟಿಎಫ್‌ಇ ಹೋಸನ್ನು ಹೀಗೆ ಹಿಸುಕಬಾರದು, ಒಮ್ಮೆ ಮಡಚಿದರೆ ಮತ್ತೆ ಸರಿಯಾಗದು.

14. ಗೇಜನ್ನು ಕಾರು ಓಡುವಾಗ ನೋಡಿ

ನಿಂತಲ್ಲಿ ಎಲ್ಲ ಪಂಪೂ ಚೆನ್ನಾಗಿಯೇ ಇರುತ್ತವೆ. ಪೂರ್ತಿ ಆಕ್ಸಿಲರೇಟರ್, ಮೂರನೇ ಗೇರ್, ಕಾಲು ಟ್ಯಾಂಕ್ ಪೆಟ್ರೋಲ್: ಈ ಸ್ಥಿತಿಯಲ್ಲಿ ಒತ್ತಡ ಅಲುಗದಿದ್ದರೆ ಕೆಲಸ ಗೆದ್ದಿತು. ಒತ್ತಡದ ಸೆನ್ಸರ್ ಒಂದನ್ನು ಇಸಿಯುಗೆ ಜೋಡಿಸಿ ದಾಖಲಿಸಿಟ್ಟರೆ ಡ್ರೈವರ್ ಗೇಜ್ ನೋಡುವ ಅಪಾಯವೂ ಇಲ್ಲ. ಜೊತೆಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇರಲಿ. ಅದನ್ನು ಲ್ಯಾಂಬ್ಡಾ ಅಂಕಿಯಲ್ಲಿ ಓದಿ. ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನದ ಸರಿ ಪ್ರಮಾಣ 14.7, ಎಥನಾಲ್ ಬೆರೆತಷ್ಟೂ ಆ ಅಂಕಿ ಇಳಿಯುತ್ತದೆ. ಲ್ಯಾಂಬ್ಡಾ ಒಂದು ಎಂದರೆ ಯಾವ ಇಂಧನಕ್ಕೂ ಒಂದೇ.

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಫಾರ್ಮುಲಾ ಭಾರತ್ ಸ್ಪರ್ಧೆಗೆ ಕಟ್ಟುವ ರೇಸ್ ಕಾರು ಕಿಟ್ ಕಾರಲ್ಲ, ಆದರೆ ಇಂಧನದ ತೊಂದರೆಗಳು ಇವೇ. ಒಂದನ್ನು ಅವರಿಗಾಗಿಯೇ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಸ್ಪರ್ಧೆ ನಡೆಯುವ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 400. ಅಲ್ಲಿ ಗಾಳಿ ಶೇಕಡ 5ರಷ್ಟು ದಟ್ಟ. ಬರೀ ಥ್ರಾಟಲ್ ಕೋನ ನೋಡಿ ಪೆಟ್ರೋಲ್ ಕೊಡುವ ಮ್ಯಾಪನ್ನು ಇಲ್ಲಿ ಮಾಡಿ, ವಾಯುಭಾರದ ತಿದ್ದುಪಡಿ ಇಲ್ಲದೆ ಅಲ್ಲಿಗೆ ಒಯ್ದರೆ ಅಷ್ಟರಮಟ್ಟಿಗೆ ಪೆಟ್ರೋಲ್ ಕಡಿಮೆ ಬೀಳುತ್ತದೆ. ವಾಯುಭಾರ ಸೆನ್ಸರ್ ಹಾಕಿ, ಇಲ್ಲವೇ ಅಲ್ಲಿಗೆ ಹೋದ ದಿನವೇ ಲ್ಯಾಂಬ್ಡಾ ನೋಡಿ ತಿದ್ದಿ.

15. ಕಾಗದಪತ್ರ

ಬ್ರಿಟನ್ನಿನಲ್ಲಿ ಹೊಸದಾಗಿ ಕಟ್ಟಿದ ಕಾರು ಐವಿಎ ಎಂಬ ವಾಹನ ಅನುಮೋದನೆಯ ಪರೀಕ್ಷೆ ದಾಟಬೇಕು, ಎಂಜಿನ್ ಬದಲಿಸಿದರೆ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ತಿಳಿಸಬೇಕು. ಅಮೆರಿಕದಲ್ಲಿ ನಿಯಮ ರಾಜ್ಯಕ್ಕೊಂದು. ವಿಮೆಯವರಿಗೂ ಬದಲಾವಣೆ ಬರೆದು ತಿಳಿಸಿ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನು ಖಚಿತವಾಗಿ ಹೇಳಿದೆ. ಇಲ್ಲಿ ಇಂಥ ಪ್ರಯೋಗಕ್ಕೆ ಜಾಗ ಮುಚ್ಚಿದ ಟ್ರ್ಯಾಕು ಮಾತ್ರ.

16. ಮಾಡಿದ್ದನ್ನೆಲ್ಲ ಬರೆದಿಡಿ

ನಿಮ್ಮ ಕಾರಿನಂಥ ಕಾರು ಇನ್ನೊಂದಿಲ್ಲ, ಅದಕ್ಕೆ ಸರ್ವಿಸ್ ಮ್ಯಾನ್ಯುಯಲ್ಲೂ ಇಲ್ಲ. ಪಂಪು ಯಾವುದು, ಫಿಲ್ಟರ್ ಯಾವ ಕಾರಿನದು, ಹೋಸು ಯಾವ ವರ್ಷ ಹಾಕಿದ್ದು, ಒತ್ತಡ ಎಷ್ಟಕ್ಕೆ ಇಟ್ಟಿದ್ದು, ಫ್ಯೂಸ್ ಎಲ್ಲಿದೆ, ಇನರ್ಷಿಯಾ ಸ್ವಿಚ್ಚನ್ನು ಮತ್ತೆ ಒತ್ತುವುದು ಎಲ್ಲಿ: ಪೈಪುಗಳ ಒಂದು ನಕ್ಷೆ ಬರೆದು ಇವನ್ನೆಲ್ಲ ಅದರ ಮೇಲೆ ಗುರುತಿಸಿ. ಒಂದು ಪ್ರತಿ ಕಾರಿನಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ. ಇಂಥ ಕಾರುಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಮುಂದೆ ಅದನ್ನು ಕೊಳ್ಳುವವರು ಹತ್ತು ವರ್ಷದ ಹಳೆಯ ಹೋಸನ್ನು ಹೊಸದೆಂದು ನಂಬಿ ಓಡಿಸದಿರಲಿ. ಕಾರು ಮಾರುವ ದಿನ ಕೀ ಜೊತೆಗೆ ಆ ಹಾಳೆಯನ್ನೂ ಅವರ ಕೈಗೆ ಕೊಡಿ.